ತಮಿಳರ ಬಗ್ಗೆ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನವಳು. ಕೆಲಸದ ಮೇಲೆ ಮದುರೈಗೆ ಹೋದವಳು ಎಂಟು ವರ್ಷ ಅಲ್ಲೇ ಇದ್ದೆ. ರಜೆಗೆ ಊರಿಗೆ ಬಂದಾಗಲೆಲ್ಲ ನೆಂಟರು, ಗೆಳತಿಯರು ತಮಿಳರ ಬಗ್ಗೆ ಏನಾದರೊಂದು ಕೇಳುತ್ತಿದ್ದರು. ಕೆಲವು ಕುತೂಹಲದ ಪ್ರಶ್ನೆಗಳು, ಕೆಲವು ಸಿಟ್ಟಿನವು. ಕಾವೇರಿ ಗಲಾಟೆ ಮತ್ತು ಸಿನಿಮಾ, ಇವೆರಡನ್ನು ಬಿಟ್ಟರೆ ಈ ಪಕ್ಕದ ಮನೆಯವರ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ. ಹೋಗುವ ಮುಂಚೆ ನನಗೂ ಅಷ್ಟೇ ಗೊತ್ತಿತ್ತು. ಜಾಸ್ತಿ ಸಲ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ತಮಿಳರು ಅಂದರೆ ತಮಿಳುನಾಡಿನವರು ತಾನೇ?

ಬರೀ ಅವರಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ತಮಿಳು ಮಾತೃಭಾಷೆಯವರು ಸುಮಾರು 6.9 ಕೋಟಿ. ಹೆಚ್ಚಿನವರು ತಮಿಳುನಾಡು, ಪುದುಚೇರಿಯಲ್ಲಿದ್ದಾರೆ. ನಮ್ಮ ಕರ್ನಾಟಕದಲ್ಲೇ ಸುಮಾರು 21 ಲಕ್ಷ ಜನ ಇದ್ದಾರೆ. ಶ್ರೀಲಂಕಾದ ಉತ್ತರ ಮತ್ತು ಪೂರ್ವ ಭಾಗದಲ್ಲಿ ತಮಿಳರು ನೂರಾರು ವರ್ಷಗಳಿಂದ ಬಾಳಿದ್ದಾರೆ. ಮಲೇಷ್ಯಾ, ಮಾರಿಷಸ್, ದಕ್ಷಿಣ ಆಫ್ರಿಕಾದಲ್ಲೂ ಇದ್ದಾರೆ. ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು.

ಇನ್ನೊಂದು ವಿಷಯ. ತಮಿಳುನಾಡಿನಲ್ಲಿ ಇರುವವರೆಲ್ಲ ಮನೆಯಲ್ಲಿ ತಮಿಳು ಆಡುವುದಿಲ್ಲ. ಹೊಸೂರು, ತಾಳವಾಡಿ ಕಡೆ ಕನ್ನಡ ಇದೆ. ಕೊಯಮತ್ತೂರಿನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇದೆ. ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರ. ಮದುರೈಯಲ್ಲಿ ನಾನಿದ್ದ ಬೀದಿಯ ಅರ್ಧ ಜನ ಸೌರಾಷ್ಟ್ರಿ ಮಾತಾಡುತ್ತಿದ್ದರು. ಸುಂಗುಡಿ ಸೀರೆಗೆ ಗಂಟು ಕಟ್ಟಿ ಬಣ್ಣ ಹಾಕುವ ಮನೆತನಗಳು ಅವು.

ಕನ್ನಡ ತಮಿಳಿನಿಂದ ಹುಟ್ಟಿತಾ?

ಇಲ್ಲ. ಈ ಪ್ರಶ್ನೆ ಕೇಳಿದವರೆಲ್ಲ ಸಿಟ್ಟಿನಲ್ಲೇ ಕೇಳಿದ್ದಾರೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಕನ್ನಡ, ತಮಿಳು ಎರಡೂ ಒಂದೇ ಹಳೆಯ ದ್ರಾವಿಡ ನುಡಿಯಿಂದ ಕವಲೊಡೆದವು. ಆ ಮೂಲ ನುಡಿ ಇಂದಿನ ತಮಿಳಲ್ಲ, ಇಂದಿನ ಕನ್ನಡವೂ ಅಲ್ಲ. ಕೆಲವು ಕಡೆ ತಮಿಳು ಹಳೆಯದನ್ನು ಉಳಿಸಿಕೊಂಡಿದೆ. ಅವರ ಪಾಲ್, ಪುಲಿ, ಪಲ್ ನಮ್ಮಲ್ಲಿ ಹಾಲು, ಹುಲಿ, ಹಲ್ಲು ಆಗಿವೆ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ ಅಂತಲೇ ಅನ್ನುತ್ತಿದ್ದೆವು. ಕೆಲವು ಕಡೆ ಹಳೆಯದನ್ನು ಉಳಿಸಿಕೊಂಡವರು ನಾವು. ನಮ್ಮ ಕಿವಿ ಅವರಲ್ಲಿ ಸೆವಿ ಆಯಿತು. ನಮ್ಮ ಗೆಯ್ ಅವರಲ್ಲಿ ಸೆಯ್. ನಮ್ಮ ಕೆಂಪು ಅವರಲ್ಲಿ ಸೆಂ. ತಮಿಳು ತಾಯಿ, ಕನ್ನಡ ಮಗಳು ಆಗಿದ್ದರೆ ಮಗಳ ಹತ್ತಿರ ತಾಯಿಗಿಂತ ಹಳೆಯ ರೂಪ ಇರುವುದು ಹೇಗೆ? ಇವರು ಅಕ್ಕತಂಗಿಯರು.

ತಮಿಳಿನ ಬರಹ ಕನ್ನಡದ ಬರಹಕ್ಕಿಂತ ಹಳೆಯದು, ಅದು ನಿಜ. ಮದುರೈ ಹತ್ತಿರದ ಮಾಂಗುಳಂ ಗುಡ್ಡದ ಗುಹೆಯಲ್ಲಿ ಜೈನ ಮುನಿಗಳಿಗಾಗಿ ಕೊರೆದ ಕಲ್ಲಿನ ಹಾಸಿಗೆಗಳಿವೆ. ಅಲ್ಲಿರುವ ತಮಿಳು ಬ್ರಾಹ್ಮಿ ಬರಹ ಕ್ರಿಸ್ತಪೂರ್ವದ್ದು. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದ್ದು. ಆದರೆ ಬರೆದದ್ದು ಮೊದಲು ಎಂದ ಮಾತ್ರಕ್ಕೆ ಹುಟ್ಟಿದ್ದೂ ಮೊದಲು ಎಂದಾಗುವುದಿಲ್ಲ.

ಈ 'ತಾಯಿ' ಮಾತು ಎಲ್ಲಿಂದ ಬಂತು ಎಂದು ನಾನೂ ಹುಡುಕಿದೆ. ತಮಿಳು ನಾಡಗೀತೆ 1891ರಲ್ಲಿ ಪ್ರಕಟವಾದ ಒಂದು ನಾಟಕದ ಪ್ರಾರ್ಥನೆ. ಅದರ ಮೂಲದಲ್ಲಿ ಕನ್ನಡ, ತೆಲುಗು, ಮಲಯಾಳ, ತುಳು ತಮಿಳಿನ ಹೊಟ್ಟೆಯಲ್ಲಿ ಹುಟ್ಟಿದವು ಎನ್ನುವ ಸಾಲುಗಳಿದ್ದವು. 1970ರಲ್ಲಿ ಸರ್ಕಾರ ಆ ಹಾಡನ್ನು ತೆಗೆದುಕೊಂಡಾಗ ಆ ಸಾಲುಗಳನ್ನು ಕೈಬಿಟ್ಟಿತು. ಅದು ದೊಡ್ಡತನದ ಕೆಲಸ. ಈ ಸಂಗತಿ ಎರಡೂ ಕಡೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಭಾಷೆ ಅಂದರೆ ಅವರಿಗೆ ಯಾಕೆ ಅಷ್ಟೊಂದು ಪ್ರಾಣ?

ಎಂಟು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟು: ಅವರು ಅದನ್ನು ಇನ್ನೇನು ಕಳೆದುಕೊಳ್ಳುವವರಿದ್ದರು. ಕಳೆದುಹೋಗುತ್ತಿದ್ದ ವಸ್ತು ಕೈಗೆ ಸಿಕ್ಕರೆ ಎದೆಗೆ ಒತ್ತಿಕೊಳ್ಳುತ್ತೇವೆ, ಅಲ್ವಾ?

1880ರಲ್ಲಿ ಕುಂಭಕೋಣದ ಕಾಲೇಜಿನಲ್ಲಿ ಉ.ವೇ. ಸ್ವಾಮಿನಾಥ ಅಯ್ಯರ್ ಎಂಬ ಯುವಕ ತಮಿಳು ಮೇಷ್ಟರಾಗಿದ್ದರು. ಆ ಕಾಲದ ತಮಿಳು ಪಂಡಿತರು ಓದುವುದನ್ನೆಲ್ಲ ಓದಿ ಮುಗಿಸಿದ್ದರು. ಊರಿಗೆ ಮುನ್ಸೀಫರಾಗಿ ಬಂದಿದ್ದ ಸೇಲಂ ರಾಮಸ್ವಾಮಿ ಮುದಲಿಯಾರ್ ಅವರನ್ನು ನೋಡಲು ಒಮ್ಮೆ ಹೋದರು. ಏನೇನು ಓದಿದ್ದೀರಿ ಎಂದು ಮುದಲಿಯಾರ್ ಕೇಳಿದರು. ಇವರು ಉದ್ದ ಪಟ್ಟಿ ಹೇಳಿದರು. ಇದೆಲ್ಲ ಓದಿ ಏನು ಪ್ರಯೋಜನ, ಅದಕ್ಕೂ ಹಿಂದಿನವನ್ನು ಓದಿದ್ದೀರಾ ಎಂದು ಅವರು ಮರುಪ್ರಶ್ನೆ ಹಾಕಿದರು. 'ಸೀವಕ ಚಿಂತಾಮಣಿ'ಯ ಹೆಸರು ಹೇಳಿದರು. ಇವರು ಅದನ್ನು ಕಣ್ಣಿನಿಂದಲೂ ನೋಡಿರಲಿಲ್ಲ.

ಅಲ್ಲಿಂದ ಅಯ್ಯರ್ ಊರೂರು ಸುತ್ತಿದರು. ಅಟ್ಟದ ಮೇಲೆ, ಮಠದ ಮೂಲೆಯಲ್ಲಿ, ಗುಡಿಯ ಕತ್ತಲಲ್ಲಿ ಓಲೆಗರಿ ಹುಡುಕಿದರು. ಕೆಲವು ಕಡೆ ಇವರು ಹೋಗುವಷ್ಟರಲ್ಲಿ ಹಳೆಯ ಗರಿಗಳನ್ನು ಬೆಂಕಿಗೆ ಹಾಕಿ ಆಗಿತ್ತು. ಕೆಲವು ಕಡೆ ಹಬ್ಬದ ದಿನ ಹೊಳೆಗೆ ಬಿಟ್ಟಿದ್ದರು. ಚಿಂತಾಮಣಿ ಜೈನ ಕಾವ್ಯ, ಇವರು ಶೈವ ಸಂಪ್ರದಾಯದಲ್ಲಿ ಬೆಳೆದವರು. ಅದರ ಮಾತುಗಳು ಅರ್ಥವಾಗಲಿಲ್ಲ. ಕುಂಭಕೋಣದ ಜೈನರ ಮನೆಗಳಿಗೆ ಹೋಗಿ ಕೂತು ಹೇಳಿಸಿಕೊಂಡರು. 1887ರಲ್ಲಿ ಅದು ಅಚ್ಚಾಯಿತು. ಅದೇ ವರ್ಷ ಯಾಳ್ಪಾಣದ, ಅಂದರೆ ಜಾಫ್ನಾದ, ದಾಮೋದರಂ ಪಿಳ್ಳೈ 'ಕಲಿತ್ತೊಗೈ'ಯನ್ನು ಅಚ್ಚು ಹಾಕಿಸಿದರು. 1892ರಲ್ಲಿ 'ಸಿಲಪ್ಪದಿಕಾರಂ', 1894ರಲ್ಲಿ 'ಪುರನಾನೂರು' ಅಯ್ಯರ್ ಕೈಯಿಂದ ಹೊರಬಂದವು. ಅವರನ್ನು ಇಂದಿಗೂ 'ತಮಿಳ್ ತಾತಾ' ಎಂದೇ ಕರೆಯುತ್ತಾರೆ. ನಮ್ಮ 'ಕವಿರಾಜಮಾರ್ಗ' ಅಚ್ಚಾದದ್ದೂ ಹೆಚ್ಚುಕಡಿಮೆ ಆಗಲೇ, 1898ರಲ್ಲಿ.

ಒಂದೇ ತಲೆಮಾರಿನಲ್ಲಿ ಒಂದು ಜನಕ್ಕೆ ತನ್ನ ಎರಡು ಸಾವಿರ ವರ್ಷದ ಹಳೆಯ ದನಿ ಮರಳಿ ಸಿಕ್ಕಿತು. ಆಮೇಲಿನ ರಾಜಕೀಯವನ್ನು ಇದನ್ನು ಬಿಟ್ಟು ನೋಡಲು ಆಗುವುದಿಲ್ಲ. 1937ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಲು ಹೊರಟಾಗ ಬೀದಿಗಿಳಿದರು. ಆ ಹೋರಾಟದಲ್ಲಿ ಜೈಲು ಸೇರಿದ ನಟರಾಜನ್, ತಾಳಮುತ್ತು ಇಬ್ಬರೂ 1939ರಲ್ಲಿ ಸೆರೆಯಲ್ಲೇ ತೀರಿಕೊಂಡರು. 1965ರಲ್ಲಿ ಮತ್ತೆ ದೊಡ್ಡ ಹೋರಾಟ ಆಯಿತು. ವಿದ್ಯಾರ್ಥಿಗಳೇ ಮುಂದೆ ನಿಂತರು. ಎರಡು ವರ್ಷದಲ್ಲಿ ಸರ್ಕಾರವೇ ಬದಲಾಯಿತು. 1968ರಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎರಡೇ ಭಾಷೆ, ತಮಿಳು ಮತ್ತು ಇಂಗ್ಲಿಷ್.

ಮಕ್ಕಳಿಗೆ ಭಾಷೆಯ ಹೆಸರನ್ನೇ ಇಡುತ್ತಾರೆ. ತಮಿಳ್‌ಸೆಲ್ವಿ, ತಮಿಳರಸನ್, ತಮಿಳ್‌ಸೆಲ್ವನ್. ನನ್ನ ಆಫೀಸಿನಲ್ಲೇ ಮೂವರು ತಮಿಳ್‌ಸೆಲ್ವಿಯರಿದ್ದರು. 'ಕನ್ನಡ' ಎನ್ನುವ ಮಾತು ಹೆಸರಿನಲ್ಲೇ ಇರುವ ಎಷ್ಟು ಮಕ್ಕಳು ನಮ್ಮ ಪಕ್ಕದಲ್ಲಿದ್ದಾರೆ ಎಂದು ನಾನು ಆಗ ಯೋಚಿಸಿದ್ದುಂಟು.

ಸಂಗಂ ಸಾಹಿತ್ಯ ಅಂದರೆ ಏನು?

ಸುಮಾರು ಎರಡು ಸಾವಿರ ವರ್ಷ ಹಿಂದಿನ ಪದ್ಯಗಳ ರಾಶಿ. 'ಎಟ್ಟುತ್ತೊಗೈ' ಅಂದರೆ ಎಂಟು ಸಂಕಲನಗಳು, 'ಪತ್ತುಪ್ಪಾಟ್ಟು' ಅಂದರೆ ಹತ್ತು ಉದ್ದ ಹಾಡುಗಳು. ದೇವರ ಹಾಡುಗಳು ಅವುಗಳಲ್ಲಿ ಕಡಿಮೆ. ಹೆಚ್ಚಿನವು ಪ್ರೀತಿ ಮತ್ತು ಯುದ್ಧದ ಮೇಲೆ. ಪ್ರೀತಿಯದು 'ಅಗಂ', ಅಂದರೆ ಒಳಗಿನದು. ಊರು, ಅರಸ, ಯುದ್ಧ ಇವೆಲ್ಲ 'ಪುರಂ', ಹೊರಗಿನದು. ಬರೆದವರಲ್ಲಿ ಹೆಂಗಸರೂ ಇದ್ದಾರೆ. ಅವ್ವೈಯಾರ್ ಅವರಲ್ಲಿ ಹೆಸರಾದವರು.

ನನಗೆ ಬಹಳ ಹಿಡಿಸಿದ್ದು 'ತಿಣೈ' ಎನ್ನುವ ಕ್ರಮ. ನೆಲವನ್ನು ಐದು ಬಗೆ ಮಾಡಿದ್ದಾರೆ. ಒಂದೊಂದು ನೆಲಕ್ಕೂ ಪ್ರೀತಿಯ ಒಂದೊಂದು ಸ್ಥಿತಿ. ಬೆಟ್ಟ ಅಂದರೆ 'ಕುರಿಂಜಿ', ಅಲ್ಲಿ ಪ್ರೇಮಿಗಳು ಕೂಡುತ್ತಾರೆ. ಕಾಡು 'ಮುಲ್ಲೈ', ಗಂಡ ಬರುತ್ತಾನೆಂದು ಮಳೆಗಾಲದಲ್ಲಿ ಕಾಯುವುದು. ಗದ್ದೆ 'ಮರುದಂ', ಗಂಡ ಹೆಂಡತಿಯ ಮುನಿಸು. ಕಡಲತೀರ 'ನೆಯ್ದಲ್', ಕೊರಗು. ಒಣಗಿದ ನೆಲ 'ಪಾಲೈ', ಅಗಲಿಕೆ. ಕವಿ ಒಂದು ಹೂವಿನ ಹೆಸರು ಹೇಳಿದರೆ ಸಾಕು, ಕೇಳುವವರಿಗೆ ಯಾವ ನೋವು ಎಂದು ಗೊತ್ತಾಗುತ್ತಿತ್ತು. ಆ ಕುರಿಂಜಿ ನಮಗೇನು ದೂರದ್ದಲ್ಲ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟ ನೀಲಿಯಾದಾಗ ನಾವೆಲ್ಲ ನೋಡಲು ಓಡಿದ್ದು ಕುರಿಂಜಿಯನ್ನೇ.

ತಿರುವಳ್ಳುವರ್ ಯಾರು? ಬೆಂಗಳೂರಿನಲ್ಲಿ ಅವರ ಪ್ರತಿಮೆ ಯಾಕಿದೆ?

'ತಿರುಕ್ಕುರಳ್' ಬರೆದವರು. 133 ಅಧ್ಯಾಯ, ಒಂದೊಂದರಲ್ಲಿ ಹತ್ತು ಪದ್ಯ, ಒಟ್ಟು 1330. ಒಂದು ಕುರಳ್ ಎರಡೇ ಸಾಲು. ಧರ್ಮ, ಅರ್ಥ, ಪ್ರೀತಿ ಮೂರನ್ನೂ ಹೇಳುತ್ತದೆ. ಯಾವ ದೇವರ ಹೆಸರನ್ನೂ ಕಟ್ಟಿಕೊಂಡಿಲ್ಲ, ಹಾಗಾಗಿ ಎಲ್ಲ ಮತದವರೂ ಇದು ನಮ್ಮದು ಅನ್ನುತ್ತಾರೆ. ಅಲ್ಲಿನ ಸರ್ಕಾರಿ ಬಸ್ಸಿನೊಳಗೆ ಕೂಡ ಒಂದು ಕುರಳ್ ಬರೆದಿರುತ್ತದೆ. ತಮಿಳು ಓದಲು ನಾನು ಕಲಿತಿದ್ದು ಅದನ್ನು ನೋಡಿಕೊಂಡೇ.

ಹಲಸೂರಿನ ಪ್ರತಿಮೆ 18 ವರ್ಷ ಬಟ್ಟೆ ಸುತ್ತಿಕೊಂಡು ನಿಂತಿತ್ತು. 2009ರ ಆಗಸ್ಟ್ 9ರಂದು ಅದರ ಅನಾವರಣ ಆಯಿತು. ನಾಲ್ಕು ದಿನದ ಮೇಲೆ ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣ ಆಯಿತು. ಎರಡು ಸಾಲಿನ ಕವಿ ಇಲ್ಲಿಗೆ ಬಂದ, ಮೂರು ಸಾಲಿನ ಕವಿ ಅಲ್ಲಿಗೆ ಹೋದ.

ಅವರ ಲಿಪಿಯಲ್ಲಿ ಅಕ್ಷರ ಯಾಕೆ ಅಷ್ಟು ಕಡಿಮೆ?

12 ಸ್ವರ, 18 ವ್ಯಂಜನ, ಒಂದು 'ಆಯ್ದಂ'. ಕ, ಗ ಎರಡಕ್ಕೂ ಒಂದೇ ಅಕ್ಷರ. ಪದದ ಮೊದಲಲ್ಲಿ ಬಂದರೆ ಕ, ನಡುವೆ ಬಂದರೆ ಗ ಅಥವಾ ಹ ಥರ ಕೇಳುತ್ತದೆ. ಒತ್ತಕ್ಷರವಾಗಿ ಬಂದರೆ ಮತ್ತೆ ಕ. ತಮಿಳು ಪದಗಳಿಗೆ ಇಷ್ಟೇ ಸಾಕು. ಸಂಸ್ಕೃತದ ಪದಗಳಿಗಾಗಿ ಜ, ಷ, ಸ, ಹ ಮೊದಲಾದ 'ಗ್ರಂಥ' ಅಕ್ಷರಗಳನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ.

ತಮಿಳು ಎಂಬ ಹೆಸರಿನ ಕೊನೆಯ ಅಕ್ಷರ ನಮ್ಮ ಳ ಅಲ್ಲ, ೞ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ, ಎಲ್ಲೂ ತಾಗಿಸದೆ ಹೇಳಬೇಕು. ಹಳಗನ್ನಡದಲ್ಲಿ ನಮಗೂ ಅದು ಇತ್ತು. ಮೞೆ, ಕೋೞಿ, ಬಾೞೆ, ಏೞು ಎಂದೇ ಬರೆಯುತ್ತಿದ್ದರು. ನಾವು ಅದನ್ನು ಬಿಟ್ಟೆವು, ಅವರು ಇಟ್ಟುಕೊಂಡರು. ನಿಜ ಹೇಳಬೇಕೆಂದರೆ ಮದುರೈ ಸಂತೆಯಲ್ಲಿ ಬಾಳೆಹಣ್ಣು ಮಾರುವವರು ಕೂಡ 'ವಾಳಪ್ಪಳಂ' ಅಂತಲೇ ಅನ್ನುತ್ತಾರೆ.

ಹೆಸರಿನ ಹಿಂದೆ ಬರೀ ಇನಿಷಿಯಲ್, ಸರ್‌ನೇಮ್ ಯಾಕಿಲ್ಲ?

ಅಪ್ಪನ ಹೆಸರಿನ ಮೊದಲ ಅಕ್ಷರ ಇನಿಷಿಯಲ್ ಆಗುತ್ತದೆ. ಹಿಂದೆ ಅಲ್ಲೂ ಮುದಲಿಯಾರ್, ಪಿಳ್ಳೈ, ನಾಡಾರ್ ಎಂದು ಹೆಸರಿಗೆ ಜಾತಿ ಅಂಟಿಸಿಕೊಳ್ಳುತ್ತಿದ್ದರು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ, ಪೆರಿಯಾರ್ ಚಳವಳಿಯ ಸ್ವಾಭಿಮಾನ ಸಮ್ಮೇಳನ ಅದನ್ನು ಬಿಡಿ ಎಂದು ಕರೆ ಕೊಟ್ಟಿತು. ನಿಧಾನವಾಗಿ ಜನ ಬಿಟ್ಟರು. ಇಂದು ತಮಿಳುನಾಡಿನಲ್ಲಿ ಹೆಸರು ಕೇಳಿ ಜಾತಿ ಹೇಳುವುದು ಕಷ್ಟ. ಇದು ಸಣ್ಣ ವಿಷಯ ಅಲ್ಲ.

ಆದರೆ ಹೆಸರಿನಿಂದ ಹೋದ ಜಾತಿ ಊರಿನಿಂದ ಹೋಗಲಿಲ್ಲ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಜಾಸ್ತಿ ಕೇಳಿದ ದಲಿತರ ಮೇಲೆ ಭೂಮಾಲೀಕರ ಕಡೆಯವರು ಎರಗಿದರು. ಒಂದು ಗುಡಿಸಲಿನಲ್ಲಿ ಅವಿತಿದ್ದ 44 ಜನ ಸುಟ್ಟುಹೋದರು. ಬಹಳಷ್ಟು ಹೆಂಗಸರು, ಮಕ್ಕಳು. ಜಾತಿ ದಾಟಿ ಮದುವೆಯಾದವರನ್ನು ಕೊಲ್ಲುವುದು ಇಂದಿಗೂ ಅಲ್ಲಿ ನಿಂತಿಲ್ಲ, ನಮ್ಮಲ್ಲೂ ನಿಂತಿಲ್ಲ.

ಪೆರಿಯಾರ್ ನಾಡು ಅಂತಾರೆ, ಗುಡಿಗಳಲ್ಲಿ ನೋಡಿದರೆ ಜನವೋ ಜನ. ಇದು ಹೇಗೆ?

ಎರಡೂ ನಿಜ. ಪೆರಿಯಾರ್, ಅಂದರೆ ಈ.ವೆ. ರಾಮಸಾಮಿ, 1879ರಲ್ಲಿ ಈರೋಡಿನಲ್ಲಿ ಹುಟ್ಟಿದರು. ಅವರ ಮನೆಮಾತು ಕನ್ನಡ ಎಂದರೆ ನಮ್ಮವರು ಎಷ್ಟೋ ಜನ ನಂಬುವುದಿಲ್ಲ. 1925ರಲ್ಲಿ ಸ್ವಾಭಿಮಾನ ಚಳವಳಿ ಶುರು ಮಾಡಿದರು. ದೇವರಿಲ್ಲ ಎಂದರು. ಪುರೋಹಿತರಿಲ್ಲದೆ ಮದುವೆ ಮಾಡಿಸಿದರು. ಅಂಥ ಮದುವೆಗೆ 1967ರಲ್ಲಿ ಅಣ್ಣಾದೊರೈ ಸರ್ಕಾರ ಕಾನೂನಿನ ಬಲ ಕೊಟ್ಟಿತು.

ನನ್ನ ಮನೆ ಓನರ್ ತಾಯಿಯನ್ನು ಮೊಮ್ಮಕ್ಕಳು 'ಅಪ್ಪತ್ತಾ' ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಗೋಡೆಯ ಮೇಲೆ ಪೆರಿಯಾರ್ ಫೋಟೋ ಇತ್ತು, ಪಕ್ಕದಲ್ಲೇ ಪಳನಿ ಮುರುಗನ್ ಕ್ಯಾಲೆಂಡರ್. ನಾನೊಮ್ಮೆ ಕೇಳಿದೆ. ಪೆರಿಯಾರ್ ಬರದಿದ್ದರೆ ನನ್ನ ಮಗಳು ಓದುತ್ತಿರಲಿಲ್ಲ, ಮುರುಗನ್ ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಎಂದರು. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ತಮಿಳರ ಭಕ್ತಿ ಅಂದರೆ ತಂಜಾವೂರಿನ ದೊಡ್ಡ ಗುಡಿ ಮಾತ್ರ ಅಲ್ಲ. 1010ರಲ್ಲಿ ರಾಜರಾಜ ಚೋಳ ಮುಗಿಸಿದ ಆ ಗುಡಿ ನೋಡಲೇಬೇಕು, ಅದು ಬೇರೆ ಮಾತು. ಆದರೆ ಮನೆಮನೆಗೂ ಒಂದು 'ಕುಲದೈವಂ' ಇರುತ್ತದೆ. ಊರಾಚೆ, ಮರದ ಕೆಳಗೆ, ಮಣ್ಣಿನ ಕುದುರೆಗಳ ಸಾಲಿನ ನಡುವೆ ಅಯ್ಯನಾರ್ ಅಥವಾ ಕರುಪ್ಪಸಾಮಿ. ಚೆನ್ನೈನಲ್ಲಿ ಕೆಲಸ ಮಾಡುವವರೂ ಮಗುವಿನ ಮುಡಿ ತೆಗೆಸಲು ಅಲ್ಲಿಗೇ ಬರುತ್ತಾರೆ. ನಮ್ಮ ಮಲೆ ಮಹದೇಶ್ವರ ಬೆಟ್ಟಕ್ಕೆ ಈರೋಡು, ಸೇಲಂ ಕಡೆಯಿಂದ ಬರುವ ಒಕ್ಕಲಿನವರನ್ನು ನೋಡಿದ್ದೀರಲ್ಲ, ಅದೇ ಭಕ್ತಿ.

ಶೈವರ 63 ನಾಯನ್ಮಾರರು ನಮಗೂ ಬೇಕಾದವರು. ಅವರೇ ನಮ್ಮ ಅರವತ್ತುಮೂವರು ಪುರಾತನರು. ಹರಿಹರ ಅವರ ಮೇಲೆ ರಗಳೆ ಬರೆದ. ಬೇಡರ ಕಣ್ಣಪ್ಪ ಅವರಲ್ಲಿ ಒಬ್ಬ. ವೈಷ್ಣವರ ಕಡೆ 12 ಆಳ್ವಾರರು. ಧನುರ್ಮಾಸದಲ್ಲಿ ಮೇಲುಕೋಟೆಯಲ್ಲಿ ಹೇಳುವ ಆಂಡಾಳ್‌ನ 'ತಿರುಪ್ಪಾವೈ'ಯ 30 ಪದ್ಯಗಳೂ ತಮಿಳೇ. ಇನ್ನು ನಾಗೂರು ದರ್ಗಾ, ವೇಳಾಂಕಣ್ಣಿ ಮಾತೆಯ ಚರ್ಚು. ಈ ಎರಡು ಜಾಗಕ್ಕೂ ಎಲ್ಲ ಮತದ ಜನ ಹರಕೆ ಹೊತ್ತು ಹೋಗುತ್ತಾರೆ.

ಪೊಂಗಲ್ ಅಂದರೆ ನಮ್ಮ ಸಂಕ್ರಾಂತಿ ತಾನೇ?

ದಿನ ಅದೇ, ಆಚರಣೆ ಬೇರೆ. ನಾಲ್ಕು ದಿನದ ಹಬ್ಬ. ಭೋಗಿಯ ದಿನ ಹಳೆಯ ಚಾಪೆ, ಮೊರ ಸುಡುತ್ತಾರೆ. ಮಾರನೆಯ ದಿನ 'ತೈ' ತಿಂಗಳ ಮೊದಲನೆಯ ದಿನ. ಅಂಗಳದಲ್ಲಿ ಹೊಸ ಮಡಕೆ, ಅದರ ಕೊರಳಿಗೆ ಹಸಿ ಅರಿಶಿನದ ಗಿಡ, ಪಕ್ಕದಲ್ಲಿ ಕಬ್ಬು. ಹಾಲು ಉಕ್ಕಿ ಚೆಲ್ಲುವಾಗ ಎಲ್ಲರೂ 'ಪೊಂಗಲೋ ಪೊಂಗಲ್' ಎಂದು ಕೂಗುತ್ತಾರೆ. ಪೊಂಗು ಎಂದರೆ ಉಕ್ಕು. ಮೂರನೆಯ ದಿನ ದನಗಳ ಹಬ್ಬ, ನಾಲ್ಕನೆಯ ದಿನ ನೆಂಟರ ಮನೆಗೆ ಹೋಗುವುದು. ಎಳ್ಳು ಬೆಲ್ಲ ಇಲ್ಲ. ಮೊದಲ ವರ್ಷ ನಾನು ಎಳ್ಳು ಬೀರಲು ಹೋದಾಗ ಬೀದಿಯವರೆಲ್ಲ ಇದೇನು ಎಂದು ಕೇಳಿದರು. ಎರಡನೆಯ ವರ್ಷ ಅವರೇ ಕಾಯುತ್ತಿದ್ದರು.

ಜಲ್ಲಿಕಟ್ಟು ಕ್ರೌರ್ಯ ಅಲ್ವಾ?

ಸುಲಭದ ಉತ್ತರ ಇಲ್ಲ. 'ವಾಡಿವಾಸಲ್' ಎಂಬ ಕಿರಿದಾದ ಬಾಗಿಲಿನಿಂದ ಗೂಳಿ ಹೊರಗೆ ನುಗ್ಗುತ್ತದೆ. ಅದರ ಬೆನ್ನಿನ ಡುಬ್ಬವನ್ನು ಒಬ್ಬನೇ ತಬ್ಬಿ, ಸ್ವಲ್ಪ ದೂರ ಅಥವಾ ಮೂರು ನೆಗೆತದ ತನಕ ಬಿಡದೆ ಹಿಡಿಯಬೇಕು. ಹಿಂದೆ ಕೊಂಬಿಗೆ ನಾಣ್ಯದ ಗಂಟು ಕಟ್ಟುತ್ತಿದ್ದರಂತೆ, 'ಸಲ್ಲಿ' ಅಂದರೆ ನಾಣ್ಯ. ಅವನಿಯಾಪುರಂ, ಪಾಲಮೇಡು, ಅಲಂಗಾನಲ್ಲೂರು ಮೂರೂ ಮದುರೈಗೆ ಹತ್ತಿರ. 2014ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. 2017ರ ಜನವರಿಯಲ್ಲಿ ಮರೀನಾ ಬೀಚಿನಲ್ಲಿ ಲಕ್ಷಗಟ್ಟಲೆ ಯುವಕ ಯುವತಿಯರು ಹಗಲೂ ರಾತ್ರಿ ಕೂತರು. ಕಾನೂನು ತಿದ್ದುಪಡಿ ಆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು, ಅದೇ ತೀರ್ಪಿನಲ್ಲಿ ನಮ್ಮ ಕಂಬಳಕ್ಕೂ ದಾರಿ ಸಿಕ್ಕಿತು.

ಗೂಳಿ ಸಾಕುವವರು ಅದನ್ನು ಮಗನ ಹಾಗೆ ನೋಡಿಕೊಳ್ಳುತ್ತಾರೆ. ಪುಲಿಕುಳಂ, ಕಾಂಗೇಯಂ ತಳಿಗಳು ಉಳಿದದ್ದರಲ್ಲಿ ಇದರ ಪಾಲೂ ಇದೆ. ಆದರೆ ಪ್ರತಿ ವರ್ಷ ಜನ ಗಾಯಗೊಳ್ಳುತ್ತಾರೆ, ಸಾಯುತ್ತಾರೆ. ನಾನು ಒಂದೇ ಸಲ ನೋಡಿದೆ. ಮತ್ತೆ ಹೋಗಲಿಲ್ಲ.

ದಿನಾ ಇಡ್ಲಿ ಸಾಂಬಾರ್ ತಿನ್ನುತ್ತಾರಾ?

ಇಡ್ಲಿ ತಿನ್ನುತ್ತಾರೆ, ಆದರೆ ತಮಿಳರಲ್ಲಿ ಬಹುಪಾಲು ಮಾಂಸ ತಿನ್ನುವವರು. ಮದುರೈಗೆ 'ತೂಂಗಾ ನಗರಂ', ನಿದ್ದೆ ಮಾಡದ ಊರು ಎಂಬ ಹೆಸರಿದೆ. ರಾತ್ರಿ ಒಂದು ಗಂಟೆಗೂ ಬಿಸಿ ಇಡ್ಲಿ ಸಿಗುತ್ತದೆ. ಕೈಮಾ ಹಾಕಿದ ಕರಿ ದೋಸೆಯೂ ಸಿಗುತ್ತದೆ. ಬೇಸಿಗೆಯಲ್ಲಿ ಹಾಲು, ಬಾದಾಮಿ ಗೋಂದು, ನನ್ನಾರಿ ಸಿರಪ್, ಐಸ್‌ಕ್ರೀಂ ಹಾಕಿದ ಜಿಗರ್‌ತಂಡಾ. ದಿಂಡಿಗಲ್ ಬಿರಿಯಾನಿಗೆ ಬಾಸುಮತಿ ಹಾಕುವುದಿಲ್ಲ, ಸಣ್ಣ ಕಾಳಿನ 'ಸೀರಗ ಸಂಬಾ' ಅಕ್ಕಿ. ಕಾರೈಕುಡಿ ಕಡೆಯ ಚೆಟ್ಟಿನಾಡು ಅಡುಗೆಯಲ್ಲಿ ಕಲ್ಲುಹೂವು, ಮರಾಠಿ ಮೊಗ್ಗಿನ ಘಮ. ಜುಲೈ ನಡುವಿನಲ್ಲಿ ಶುರುವಾಗುವ ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿ ಮುಂದೆ ದೊಡ್ಡ ಹಂಡೆಗಳಲ್ಲಿ ರಾಗಿ, ಸಜ್ಜೆಯ ಅಂಬಲಿ ಕಾಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ಅದನ್ನು 'ಕೂಳ್' ಎನ್ನುತ್ತಾರೆ. ನಮ್ಮ ಕೂಳು ಬೈಗುಳದ ಪಕ್ಕ ಹೋಗಿದೆ, ಅವರದು ಪ್ರಸಾದವಾಗಿ ಉಳಿದಿದೆ.

ಸಾಂಬಾರಿಗೆ ಬೆಲ್ಲ ಹಾಕುವುದಿಲ್ಲ. ನಾನು ಹಾಕಿದ ದಿನ ಅಪ್ಪತ್ತಾ ಒಂದು ತುತ್ತು ತಿಂದು, 'ಪಾಯಸಂ ನಲ್ಲಾ ಇರುಕ್ಕು' ಎಂದರು.

ಭರತನಾಟ್ಯ, ಕರ್ನಾಟಕ ಸಂಗೀತ ತಮಿಳರದ್ದಾ?

ಭರತನಾಟ್ಯದ ಹಳೆಯ ಹೆಸರು 'ಸದಿರ್'. ಗುಡಿ ಮತ್ತು ಅರಮನೆಗಳಲ್ಲಿ ದೇವದಾಸಿಯರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕಲೆ. ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು ಅದಕ್ಕೆ ಇಂದಿನ ಕಛೇರಿ ಕ್ರಮ ಕೊಟ್ಟರು. ಅವರಲ್ಲಿ ಹಿರಿಯರಾದ ಚಿನ್ನಯ್ಯ ಮೈಸೂರು ಅರಮನೆಗೆ ಬಂದರು. 1936ರಲ್ಲಿ ರುಕ್ಮಿಣಿ ದೇವಿ ಕಲಾಕ್ಷೇತ್ರ ಕಟ್ಟಿದರು. 1947ರಲ್ಲಿ ದೇವದಾಸಿ ಪದ್ಧತಿಗೆ ಕಾನೂನಿನ ತಡೆ ಬಂತು. ಕಲೆಗೆ ಗೌರವ ಸಿಕ್ಕಿತು. ಅದನ್ನು ಹೊತ್ತು ತಂದ ಹೆಂಗಸರ ಮನೆತನಗಳಲ್ಲಿ ಬಹಳಷ್ಟು ಮರೆಗೆ ಸರಿದವು. ಈ ನೋವನ್ನು ಹೇಳದೆ ಭರತನಾಟ್ಯದ ಮಾತು ಮುಗಿಸಬಾರದು.

ಸಂಗೀತದಲ್ಲಿ ಪಾಲು ಎಲ್ಲರದ್ದು. ಸಂಗೀತದ ತ್ರಿಮೂರ್ತಿಗಳಾದ ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾ ಶಾಸ್ತ್ರಿಗಳು ಮೂವರೂ ತಿರುವಾರೂರಿನಲ್ಲಿ ಹುಟ್ಟಿದವರು, ಹಾಡಿದ್ದು ಹೆಚ್ಚಾಗಿ ತೆಲುಗು, ಸಂಸ್ಕೃತದಲ್ಲಿ. ತಮಿಳು ಹಾಡುಗಳಿಗೂ ಕಛೇರಿಯಲ್ಲಿ ಜಾಗ ಬೇಕು ಎಂದು 1940ರ ದಶಕದಲ್ಲಿ 'ತಮಿಳ್ ಇಸೈ' ಚಳವಳಿಯೇ ನಡೆಯಿತು. ಅಲ್ಲಿನ ಮಕ್ಕಳು ಮೊದಲು ಕಲಿಯುವ ಸರಳೆ ವರಸೆ, ಪಿಳ್ಳಾರಿ ಗೀತೆ ನಮ್ಮ ಪುರಂದರದಾಸರದ್ದು.

ಸಿನಿಮಾದವರೇ ಮುಖ್ಯಮಂತ್ರಿ ಆಗುವುದು ಯಾಕೆ?

ಅಣ್ಣಾದೊರೈ, ಕರುಣಾನಿಧಿ ಸಿನಿಮಾಕ್ಕೆ ಸಂಭಾಷಣೆ ಬರೆದವರು. ಓದು ಬರದವರಿಗೂ ಚಳವಳಿಯ ಮಾತು ಮುಟ್ಟಿದ್ದು ತೆರೆಯ ಮೂಲಕ. ಇನ್ನೂ ಒಂದು ಸಂಗತಿ ಹೇಳಬೇಕು. ಎಂಜಿಆರ್ ಹುಟ್ಟಿದ್ದು ಶ್ರೀಲಂಕಾದ ಕ್ಯಾಂಡಿಯಲ್ಲಿ, ಮಲಯಾಳಿ ಮನೆತನದಲ್ಲಿ. ಜಯಲಲಿತಾ ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ. ರಜನಿಕಾಂತ್ ಬೆಂಗಳೂರಿನವರು. ಹೊರಗಿನಿಂದ ಬಂದವರು ತಮಿಳು ಆಡಿದರೆ ಸಾಕು, ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ.

ಕಾವೇರಿ ವಿಷಯದಲ್ಲಿ ಅವರೇಕೆ ಹಾಗೆ?

ಅಲ್ಲೂ ಇದೇ ಪ್ರಶ್ನೆಯನ್ನು ನಮ್ಮ ಬಗ್ಗೆ ಕೇಳುತ್ತಾರೆ. 1892, 1924ರ ಒಪ್ಪಂದಗಳಿಂದ ಶುರುವಾಗಿ 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ತೀರ್ಪು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75 ಟಿಎಂಸಿ ಅಡಿ ಎಂದು ಹೇಳಿತು. ಮಳೆ ಚೆನ್ನಾಗಿ ಬಂದ ವರ್ಷ ಯಾರೂ ಮಾತಾಡುವುದಿಲ್ಲ. ಕೈಕೊಟ್ಟ ವರ್ಷ ಮಂಡ್ಯದ ರೈತನಿಗೂ ಸಂಕಟ, ತಂಜಾವೂರಿನ ರೈತನಿಗೂ ಸಂಕಟ. ಮೆಟ್ಟೂರು ಅಣೆಕಟ್ಟನ್ನು ವಾಡಿಕೆಯಂತೆ ಜೂನ್ 12ಕ್ಕೆ ತೆರೆಯಬೇಕು. ಅದು ತಡವಾದರೆ ಅಲ್ಲಿನ 'ಕುರುವೈ' ಭತ್ತದ ಬೆಳೆ ಕೈಬಿಟ್ಟ ಹಾಗೆ.

ನಾನು ಮಂಡ್ಯ ಸೀಮೆಯಲ್ಲಿ ನೆಂಟರಿರುವವಳು, ನಮ್ಮ ಕಷ್ಟ ನನಗೆ ಗೊತ್ತು. ಆದರೆ ಆಡಿ ಹದಿನೆಂಟರ ದಿನ ಶ್ರೀರಂಗದ ಅಮ್ಮಾ ಮಂಟಪದಲ್ಲಿ ನಿಂತು ನೋಡಿದ್ದೇನೆ. ಆ ದಿನ ಹೊಳೆ ಬಸುರಿ ಎಂದು ಅವರ ನಂಬಿಕೆ. ಹೆಂಗಸರು ಅದಕ್ಕೆ ಓಲೆ, ಕರಿಮಣಿ, ಹೂವು ಬಿಡುತ್ತಾರೆ. ಬಗೆಬಗೆಯ ಚಿತ್ರಾನ್ನ ಕಟ್ಟಿಕೊಂಡು ಬಂದು ದಡದಲ್ಲೇ ಉಣ್ಣುತ್ತಾರೆ. ಒಬ್ಬರಿಗೊಬ್ಬರು ಅರಿಶಿನದ ದಾರ ಕಟ್ಟುತ್ತಾರೆ. ತಲಕಾವೇರಿಯಲ್ಲಿ ನಾವು ತುಲಾ ಸಂಕ್ರಮಣಕ್ಕೆ ಕಾಯುವ ಹಾಗೇ ಅವರು ಈ ದಿನಕ್ಕೆ ಕಾಯುತ್ತಾರೆ.

ಕರ್ನಾಟಕದ ತಮಿಳರು ಯಾವಾಗ ಬಂದರು?

ಒಂದೇ ಸಲ ಬಂದವರಲ್ಲ. ರಾಮಾನುಜರ ಕಾಲದಿಂದ ಬೇರೂರಿದ ಅಯ್ಯಂಗಾರರಿದ್ದಾರೆ. ಹೆಬ್ಬಾರ್ ಅಯ್ಯಂಗಾರರ ಮನೆಮಾತಿನಲ್ಲಿ ತಮಿಳು ಎಷ್ಟು, ಕನ್ನಡ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೆಟ್ಟದಪುರ, ಮತ್ತೂರಿನ ಸಂಕೇತಿಗಳ ಮಾತೂ ಹೀಗೇ ಬೆರೆತದ್ದು. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದಾಗ ಅದರ ಜೊತೆ ಬಂದವರು ಹಲಸೂರು, ಶಿವಾಜಿನಗರದಲ್ಲಿ ನೆಲೆಸಿದರು. 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗೆ ಉತ್ತರ ಆರ್ಕಾಟ್ ಕಡೆಯಿಂದ ಸಾವಿರಾರು ಜನ, ಹೆಚ್ಚಾಗಿ ದಲಿತರು, ಬಂದರು. ಭೂಮಿಯ ಆಳಕ್ಕೆ ಇಳಿದು ನಾಡಿಗೆ ಚಿನ್ನ ತೆಗೆದುಕೊಟ್ಟವರು ಅವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳು ಇಂದಿಗೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ.

ಇನ್ನೊಂದು ಗುಂಪು ನಮಗೆ ಅಷ್ಟಾಗಿ ಗೊತ್ತಿಲ್ಲ. ಬ್ರಿಟಿಷರು ಶ್ರೀಲಂಕಾದ ಕಾಫಿ, ಟೀ ತೋಟಗಳಿಗೆ ಕರೆದೊಯ್ದ ತಮಿಳು ಕೂಲಿಗಳಿಗೆ 1948ರ ಕಾನೂನು ಪೌರತ್ವವನ್ನೇ ಕೊಡಲಿಲ್ಲ. 1964ರ ಒಪ್ಪಂದದ ಮೇಲೆ ಲಕ್ಷಗಟ್ಟಲೆ ಜನ ಭಾರತಕ್ಕೆ ಬಂದರು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅವರ ಮೊಮ್ಮಕ್ಕಳು ಅಲ್ಲೇ ಕನ್ನಡ ಶಾಲೆಗಳಲ್ಲಿ ಓದಿದ್ದಾರೆ.

ಶ್ರೀಲಂಕಾ ವಿಷಯ ಬಂದರೆ ಅವರು ಯಾಕೆ ಅಷ್ಟು ಕದಡಿಹೋಗುತ್ತಾರೆ?

1981ರಲ್ಲಿ ಜಾಫ್ನಾದ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. ಸುಮಾರು 97,000 ಪುಸ್ತಕ, ಓಲೆಗರಿ ಸುಟ್ಟುಹೋದವು. ಓಲೆಗರಿಯನ್ನು ಹೊಳೆಯಿಂದ, ಬೆಂಕಿಯಿಂದ ಉಳಿಸಿಕೊಂಡ ಜನ ಎಂದು ಮೇಲೆ ಹೇಳಿದೆನಲ್ಲ, ಅವರಿಗೆ ಇದು ಏನು ಎಂದು ಯೋಚಿಸಿ. 1983ರಿಂದ 2009ರ ತನಕ ಯುದ್ಧ ನಡೆಯಿತು. ಮನೆಯವರು ಏನಾದರು ಎಂದು ಗೊತ್ತಿಲ್ಲದ ಕುಟುಂಬಗಳು ಇನ್ನೂ ಇವೆ.

'ಕೊಂಗ' ಅಂತ ಸುಮ್ನೆ ತಮಾಷೆಗೆ ಅಂದರೆ ತಪ್ಪಾ?

ತಪ್ಪು. ಕೊಂಗುನಾಡು ಎಂಬುದು ಕೊಯಮತ್ತೂರು, ಈರೋಡು, ಕರೂರು ಕಡೆಯ ಸೀಮೆಯ ಹಳೆಯ, ಗೌರವದ ಹೆಸರು. ನಮ್ಮ ಬಾಯಲ್ಲಿ ಅದು ಬೈಗುಳವಾಗಿದೆ. ಹೇಳುವವರಿಗೆ ತಮಾಷೆ, ಕೇಳುವವರಿಗೆ ಅಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಾಟೆ ಆದಾಗ ಬೆಂಗಳೂರಿನಲ್ಲಿ ಮನೆ ಬಿಟ್ಟು ಓಡಿದವರ ಕಿವಿಯಲ್ಲಿ ಆ ಮಾತು ಇನ್ನೂ ಇದೆ.

ಮೊದಲ ಸಲ ಹೋಗುತ್ತಿದ್ದೇನೆ. ಯಾವ ಮಾತು ಕಲಿಯಲಿ?

ದೊಡ್ಡವರಿಗೆ, ಹೊಸಬರಿಗೆ 'ನೀ' ಅನ್ನಬೇಡಿ, 'ನೀಂಗ' ಅನ್ನಿ. ಆಟೋದವರು, ಅಂಗಡಿಯವರು 'ಅಣ್ಣಾ'. ಹೆಂಗಸರಿಗೆ 'ಅಕ್ಕಾ'. ವಯಸ್ಸಾದವರಿಗೆ 'ಅಮ್ಮಾ', 'ಐಯಾ'. 'ಸಾಪ್ಟೀಂಗಳಾ?' ಎಂದರೆ ಊಟ ಆಯ್ತಾ ಎಂದು. ಇದನ್ನು ನಮ್ಮ ಹಾಗೇ ಹೊತ್ತಲ್ಲದ ಹೊತ್ತಿನಲ್ಲೂ ಕೇಳುತ್ತಾರೆ. ಮಾತು ಬರದಿದ್ದರೆ 'ತಮಿಳ್ ಕೊಂಜಂ ಕೊಂಜಂ ತೆರಿಯುಂ' ಅನ್ನಿ, ಸ್ವಲ್ಪ ಸ್ವಲ್ಪ ಬರುತ್ತದೆ ಎಂದರ್ಥ. ಅಷ್ಟಕ್ಕೇ ಖುಷಿಪಟ್ಟು ಉಳಿದದ್ದನ್ನು ಅವರೇ ಕಲಿಸುತ್ತಾರೆ.

ಹೊರಡುವಾಗ ಮಾತ್ರ ನೆನಪಿಡಿ. ಮದುರೈಗೆ ಹೋದ ಮೊದಲ ವಾರ ನಾನು ಆಫೀಸಿಗೆ ಹೊರಡುತ್ತಾ, ಪುಸ್ತಕ ನೋಡಿ ಕಲಿತಿದ್ದ 'ಪೋರೇನ್' ಎಂಬ ಮಾತು ಹೇಳಿದೆ. ಹೋಗುತ್ತೇನೆ ಎಂದು. ಅಪ್ಪತ್ತಾ ಬೀದಿಯ ತನಕ ಓಡಿ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಜಗಲಿಯ ಮೇಲೆ ಕೂರಿಸಿ ಒಂದು ಲೋಟ ನೀರು ಕೊಟ್ಟರು. ಕುಡಿದ ಮೇಲೆ 'ಪೋಯಿಟ್ಟು ವರೇನ್' ಎಂದು ಮೂರು ಸಲ ಹೇಳಿಸಿದರು. ಹೋಗಿ ಬರ್ತೀನಿ. ಆಮೇಲೆ ಕಳಿಸಿದರು.